ನಾಳೆಗೆ ಹತ್ತು ಅಂಕ

ನಾಳೆ ಏನಾಗಬಹುದು ಎಂಬುದನ್ನೂ ಈಗ ಕ್ಲಾಸಿನಲ್ಲಿ ಕಲಿಸುತ್ತಾರೆ. ಎಂಬಿಎಯ ಸ್ಟ್ರಾಟೆಜಿ ಪತ್ರಿಕೆಯಲ್ಲಿ ಅದಕ್ಕೊಂದು ಮೂಲೆ. ಬಿಬಿಎಯಲ್ಲಿ ಅರ್ಧ ಮೂಲೆ. ಹೆಸರು ಸಿನಾರಿಯೋ ಪ್ಲಾನಿಂಗ್. ಬಂದರೆ ಹತ್ತು ಅಂಕ, ಬಾರದಿದ್ದರೆ ಚಾಯ್ಸ್‌ನಲ್ಲಿ ಬಿಡಬಹುದು.

ಓದುವ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಕಳೆದ ಐದು ವರ್ಷದ ಪ್ರಶ್ನೆಪತ್ರಿಕೆ ಹುಡುಕು. ಎರಡು ಸಲ ಬಂದ ಪ್ರಶ್ನೆಗೆ ನಕ್ಷತ್ರ ಹಾಕು. ಜೆರಾಕ್ಸ್ ಅಂಗಡಿಯಿಂದ ಪಾಸಿಂಗ್ ಪ್ಯಾಕೇಜ್ ತಾ. ನಾಳೆ ನಿನ್ನೆಯ ಹಾಗೆ ಇರುವುದಿಲ್ಲ ಎಂದು ಬರೆಯಬೇಕಾದ ಉತ್ತರವನ್ನು, ನಿನ್ನೆ ಕೇಳಿದ್ದನ್ನೇ ನಾಳೆಯೂ ಕೇಳುತ್ತಾರೆ ಎಂಬ ನಂಬಿಕೆಯಲ್ಲಿ ಉರುಹೊಡೆಯುತ್ತಾರೆ. ಸಿಟ್ಟು ಬರುವುದು ಎಲ್ಲಿ ಗೊತ್ತೇ? ಆ ನಂಬಿಕೆ ಸುಳ್ಳಾಗುವುದಿಲ್ಲ. ಅದನ್ನೇ ಕೇಳುತ್ತಾರೆ.

ಕುಂದಾಪುರದ ಬಳಿಯ ಹೆಮ್ಮಾಡಿ ಜಂಕ್ಷನ್ನಿನಲ್ಲಿ ಬೆಳಿಗ್ಗೆ ನಿಂತರೆ ಈ ಮಕ್ಕಳು ಸಿಗುತ್ತಾರೆ. ಬೆನ್ನಿಗೆ ಬ್ಯಾಗು, ಕಿವಿಗೆ ಇಯರ್‌ಫೋನು. ಕೆಲವರು ಕುಂದಾಪುರದ ಬಸ್ಸಿಗೆ, ಕೆಲವರು ಉಡುಪಿ, ಮಣಿಪಾಲದ ಬಸ್ಸಿಗೆ. ಹೆದ್ದಾರಿಯಿಂದ ಸ್ವಲ್ಪ ಒಳಗೆ ಹೋದರೆ ಸೇವಂತಿಗೆ ಗದ್ದೆ. ಅಲ್ಲಿ ಬಗ್ಗಿ ಕಳೆ ಕೀಳುತ್ತಿರುವವನು ಇವರ ಪುಸ್ತಕದಲ್ಲಿರುವುದನ್ನೇ ಮಾಡುತ್ತಿದ್ದಾನೆ. ಅದು ಅವನಿಗೂ ಗೊತ್ತಿಲ್ಲ, ಇವರಿಗೂ ಗೊತ್ತಿಲ್ಲ. ಗೊತ್ತು ಮಾಡಿಸಬೇಕಾದವರು ಪಿಪಿಟಿ ತಯಾರಿಯಲ್ಲಿದ್ದಾರೆ.

ಪಿಪಿಟಿಯ ಮೊದಲ ಸ್ಲೈಡಿನಲ್ಲಿ ಶೆಲ್ ಕಂಪನಿಯ ಚಿಪ್ಪು. ಅದಿಲ್ಲದೆ ಈ ಪಾಠ ಮೊದಲಾಗುವುದಿಲ್ಲ. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಹರ್ಮನ್ ಕಾನ್ ಅಣುಯುದ್ಧದ ಬಗ್ಗೆ ಹೀಗಾದರೆ ಹೇಗೆ, ಹಾಗಾದರೆ ಹೇಗೆ ಎಂದು ಲೆಕ್ಕ ಹಾಕಿದ. ಆ ವಿದ್ಯೆ ತೈಲ ಕಂಪನಿಗೆ ಬಂತು. ಅಗ್ಗದ ಎಣ್ಣೆಯ ಕಾಲ ಮುಗಿಯಬಹುದು ಎಂದು ಶೆಲ್‌ನ ಪಿಯರ್ ವ್ಯಾಕ್ 1972ರಲ್ಲೇ ಯಜಮಾನರ ಮುಂದೆ ಹೇಳಿದ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ನಲ್ಲಿ ತಿರುಗಿಸಿದವು. ಮೂರು ಡಾಲರಿನ ಆಸುಪಾಸಿದ್ದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಉಳಿದ ಕಂಪನಿಗಳು ಬೆವರಿದವು, ಶೆಲ್ ಅಷ್ಟು ಬೆವರಲಿಲ್ಲ. ಕಥೆ ಮುಗಿಯಿತು. ಮುಂದಿನ ಸ್ಲೈಡ್.

ಮುಂದಿನ ಸ್ಲೈಡಿನಲ್ಲಿ ಇರಬೇಕಾದದ್ದು ಇರುವುದಿಲ್ಲ. ವ್ಯಾಕ್ ಭವಿಷ್ಯ ಹೇಳಿ ಭೇಷ್ ಅನ್ನಿಸಿಕೊಳ್ಳಲು ಹೊರಟವನಲ್ಲ. ಶೆಲ್ಲಿನ ಒಳಗೂ ಎಲ್ಲರೂ ಅವನ ಮಾತು ಕೇಳಿ ಎದ್ದು ನಿಲ್ಲಲಿಲ್ಲ. ವರದಿ ಎಷ್ಟು ಚಂದ ಇದ್ದರೂ ಯಜಮಾನನ ತಲೆಯೊಳಗಿನ ಚಿತ್ರ ಬದಲಾಗದಿದ್ದರೆ ಅದು ರದ್ದಿ ಎಂಬುದು ಅವನ ಸಂಕಟ. 1985ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಅದನ್ನೇ ಬಿಡಿಸಿ ಬರೆದ. ಈ ಮನುಷ್ಯ ನಮ್ಮ ದೇಶಕ್ಕೇ ಬಂದು, ಬಂಗಾಳದ ಸ್ವಾಮಿ ಪ್ರಜ್ಞಾನಪಾದರ ಬಳಿ ಕುಳಿತು, ಇದ್ದದ್ದನ್ನು ಇದ್ದ ಹಾಗೆ ನೋಡುವುದನ್ನು ಕಲಿತವನು. ನಾವು ಅವನ ಹೆಸರಿನ ಸ್ಲೈಡ್ ಇಳಿಸಿಕೊಂಡು ಕಣ್ಣು ಮುಚ್ಚುವುದನ್ನು ಕಲಿತೆವು.

ಯಜಮಾನನ ತಲೆ ಬದಲಿಸುವ ವಿದ್ಯೆಯಂತೆ! ಯಾವ ಯಜಮಾನನ ತಲೆ? ಪ್ರಿನ್ಸಿಪಾಲರದೇ? ಆಡಳಿತ ಮಂಡಳಿಯ ಅಧ್ಯಕ್ಷರದೇ? ಹೇಳಿ ನೋಡಿ.

ಅದೇ 1973ರ ಎಣ್ಣೆ ನಮ್ಮ ಕರಾವಳಿಗೂ ಬಂತು. ಶೆಲ್ಲಿಗೆ ಅದು ವರದಿಯಾಗಿ ಬಂದರೆ ಗಂಗೊಳ್ಳಿ, ಶಿರೂರು, ಭಟ್ಕಳದ ಹುಡುಗರಿಗೆ ವೀಸಾ ಆಗಿ ಬಂತು. ಒಂದು ತಲೆಮಾರು ಗಲ್ಫಿಗೆ ಹೋಯಿತು. ಅಲ್ಲಿಂದ ಬಂದ ಹಣ ಮನೆ ಕಟ್ಟಿತು, ಮದುವೆ ಮಾಡಿತು, ಕಾಲೇಜಿನ ಫೀಸೂ ಕಟ್ಟಿತು. ಆ ಫೀಸಿನಲ್ಲಿ ಓದುವ ಮಗನ ಪಠ್ಯದಲ್ಲಿ ಹೇಗ್ ಇದೆ, ಲಂಡನ್ ಇದೆ. ಗಂಗೊಳ್ಳಿ ಇಲ್ಲ.

ವ್ಯಾಕ್ ಕೊಟ್ಟ ಒಂದು ಉದಾಹರಣೆ ಗಂಗಾ ನದಿಯದು. ಗಂಗೆಯ ಮೇಲ್ಭಾಗದಲ್ಲಿ ಭಾರೀ ಮಳೆ ಸುರಿದಿದೆ ಎಂದಿಟ್ಟುಕೊಳ್ಳಿ. ಎರಡು ದಿನದಲ್ಲಿ ಹೃಷಿಕೇಶದಲ್ಲಿ, ಇನ್ನು ಮೂರ್ನಾಲ್ಕು ದಿನಕ್ಕೆ ಅಲಹಾಬಾದಿನಲ್ಲಿ, ಆಮೇಲೆ ಕಾಶಿಯಲ್ಲಿ ನೀರು ಏರುತ್ತದೆ. ಇದರಲ್ಲಿ ಜ್ಯೋತಿಷ್ಯ ಇಲ್ಲ. ನಡೆಯಬೇಕಾದದ್ದು ಆಗಲೇ ನಡೆದುಬಿಟ್ಟಿದೆ, ನಿಮ್ಮ ಮನೆ ಬಾಗಿಲಿಗೆ ಇನ್ನೂ ಮುಟ್ಟಿಲ್ಲ, ಅಷ್ಟೆ. ಖಚಿತವಾದದ್ದನ್ನು ಮೊದಲು ಬೇರೆ ಇಡು, ಅನಿಶ್ಚಿತವಾದದ್ದರ ಬಗ್ಗೆ ಆಮೇಲೆ ತಲೆ ಕೆಡಿಸಿಕೊ. ಇಡೀ ವಿದ್ಯೆಯ ಮೊದಲ ಪಾಠ ಇದು.

ಗಂಗೆ ದೂರವಾಯಿತು. ಕೊಡಚಾದ್ರಿಯಲ್ಲಿ ಮಳೆ ಹೊಡೆದರೆ ಸೌಪರ್ಣಿಕೆ ಎಲ್ಲಿಗೆ ಹೋಗಬೇಕು? ನಾವುಂದದ ಸಾಲ್ಬುಡಕ್ಕೆ, ಬಡಾಕೆರೆಗೆ ಬರಬೇಕು. ಬರುತ್ತದೆ. ಮಳೆಗಾಲ ಬಂತೆಂದರೆ ಬರುತ್ತದೆ. ಪ್ರತಿ ಸಲವೂ ಅಚ್ಚರಿಯಾಗಿ ಬರುತ್ತದೆ. ದೋಣಿ ತರುತ್ತಾರೆ. ಮೊಣಕಾಲು ನೀರಿನಲ್ಲಿ ಜನಪ್ರತಿನಿಧಿ ನಿಲ್ಲುತ್ತಾರೆ. ಫೋಟೊ ಆಗುತ್ತದೆ. ಶಾಶ್ವತ ಪರಿಹಾರದ ಭರವಸೆ ಆಗುತ್ತದೆ. ಕೆಲವು ದಿನಕ್ಕೆ ನೀರು ಇಳಿಯುತ್ತದೆ, ಜೊತೆಗೆ ಭರವಸೆಯೂ.

ಹವಾಮಾನ ಇಲಾಖೆ ಕರಾವಳಿಗೆ ರೆಡ್ ಅಲರ್ಟ್ ಕೊಟ್ಟರೆ ಊರು ಕೇಳುವ ಪ್ರಶ್ನೆ ಒಂದೇ. ನಾಳೆ ಶಾಲೆಗೆ ರಜೆ ಉಂಟಾ, ಮಾರಾಯ್ರೆ?

ಈ ಊರಿಗೆ ಮುನ್ನೋಟ ಬೇಡ ಎನ್ನುವ ಹಾಗಿಲ್ಲ, ಬೇಕು. ದುಡ್ಡು ಕೊಟ್ಟು ಬೇಕು. ದೇವಸ್ಥಾನದಲ್ಲಿ ಅಷ್ಟಮಂಗಲ ಪ್ರಶ್ನೆ ಇಟ್ಟರೆ ದಿನಗಟ್ಟಲೆ ಕೂರುತ್ತಾರೆ. ದೈವಜ್ಞರು ಒಬ್ಬರಲ್ಲ, ಹಲವರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎಲ್ಲರೆದುರೇ ಪ್ರಶ್ನಿಸುತ್ತಾರೆ. ಹಿಂದೆ ಆದ ತಪ್ಪು ಯಾವುದು, ಮುಂದೆ ಬರುವ ಕೇಡು ಯಾವುದು, ಅದಕ್ಕೆ ಏನು ಮಾಡಬೇಕು, ಯಾರು ಮಾಡಬೇಕು, ಎಷ್ಟು ದಿನದೊಳಗೆ? ಎಲ್ಲವೂ ಬರವಣಿಗೆಯಲ್ಲಿ. ಸಮಿತಿ ಆಗುತ್ತದೆ. ರಸೀದಿ ಪುಸ್ತಕ ಅಚ್ಚಾಗುತ್ತದೆ. ಮುಂಬೈಯ ಹೋಟೆಲಿನವರು, ಬೆಂಗಳೂರಿನ ಬೇಕರಿಯವರು ಕೈ ಬಿಚ್ಚುತ್ತಾರೆ. ಕವಡೆಯಲ್ಲಿ ಕಂಡ ಕೇಡಿಗೆ ಲಕ್ಷ ಲಕ್ಷ. ಉಪಗ್ರಹದಲ್ಲಿ ಕಂಡ ಕೇಡಿಗೆ ಒಂದು ದಿನದ ರಜೆ. ಕವಡೆಯನ್ನು ನಂಬುವವರು ನಂಬಲಿ, ನನಗೆ ಅದರಲ್ಲಿ ಜಗಳವಿಲ್ಲ. ಆದರೆ ಶಿಸ್ತಿನ ವಿಷಯದಲ್ಲಿ ಅಷ್ಟಮಂಗಲದ ಮುಂದೆ ನಮ್ಮ ಎಂಬಿಎ ಕಾರ್ಯಾಗಾರ ನಿಲ್ಲುವುದಿಲ್ಲ ಎಂಬುದಂತೂ ಸತ್ಯ.

ಏಕೆಂದರೆ ಕಾರ್ಯಾಗಾರ ನಡೆಯುವುದು ಹೀಗೆ. ಡೆಲ್ಫಿ ವಿಧಾನ ಎಂದು ಬೋರ್ಡಿನ ಮೇಲೆ ಬರೆಯುತ್ತಾರೆ. ಇದೂ ರ‍್ಯಾಂಡ್ ಸಂಸ್ಥೆಯದೇ, 1950ರ ದಶಕದ್ದು. ತಜ್ಞರನ್ನು ಬೇರೆ ಬೇರೆಯಾಗಿ ಕೇಳಬೇಕು. ಯಾರು ಏನು ಹೇಳಿದರು ಎಂದು ಯಾರಿಗೂ ಗೊತ್ತಾಗಬಾರದು. ಉತ್ತರಗಳನ್ನು ಒಟ್ಟು ಮಾಡಿ ಮತ್ತೆ ಸುತ್ತಿಗೆ ಬಿಡಬೇಕು. ದೊಡ್ಡವರ ದನಿಗೆ ಸಣ್ಣವರ ಬುದ್ಧಿ ಮುಚ್ಚಿಹೋಗಬಾರದು ಎಂಬುದು ಅದರ ಜೀವ. ನಮ್ಮಲ್ಲಿ? ಉದ್ಘಾಟನೆಗೆ ದೀಪ. ಪ್ರಾರ್ಥನೆ. ಅಧ್ಯಕ್ಷರು ಮೊದಲು ಮಾತಾಡುತ್ತಾರೆ. ‘ಭಾರತದ ಭವಿಷ್ಯ ಉಜ್ವಲವಾಗಿದೆ’ ಎನ್ನುತ್ತಾರೆ. ಆಮೇಲೆ ಎಲ್ಲರಿಗೂ ಚೀಟಿ ಕೊಟ್ಟು, ಭವಿಷ್ಯ ಹೇಗಿದೆ ಎಂದು ಕೇಳುತ್ತಾರೆ. ಉಜ್ವಲವಾಗಿದೆ ಎಂದೇ ಎಲ್ಲರೂ ಬರೆಯುತ್ತಾರೆ. ಒಮ್ಮತ ಬಂತು. ಊಟಕ್ಕೆ ಹೋಗೋಣ.

ಸಿನಾರಿಯೋ ಕಟ್ಟುವಾಗ ಮೂರು ಕಟ್ಟುತ್ತಾರೆ. ಒಳ್ಳೆಯದು, ಕೆಟ್ಟದ್ದು, ನಡುವಿನದು. ಮೂರು ಕೊಟ್ಟರೆ ಮನುಷ್ಯ ನಡುವಿನದನ್ನು ಎತ್ತಿಕೊಂಡು ಮನೆಗೆ ಹೋಗುತ್ತಾನೆ ಎಂದು ಈ ವಿದ್ಯೆಯ ಹಿರಿಯರೇ ಎಚ್ಚರಿಸಿದ್ದಾರೆ. ಅದಕ್ಕೇ ಎರಡು ದೊಡ್ಡ ಅನಿಶ್ಚಿತತೆಗಳನ್ನು ಅಡ್ಡಕ್ಕೊಂದು ಉದ್ದಕ್ಕೊಂದು ಎಳೆದು ನಾಲ್ಕು ಮನೆ ಮಾಡುವುದು. ನಾಲ್ಕರಲ್ಲಿ ನಡು ಇಲ್ಲ, ತಪ್ಪಿಸಿಕೊಳ್ಳುವ ಜಾಗ ಇಲ್ಲ. ಆದರೆ ಪಾಸಿಂಗ್ ಪ್ಯಾಕೇಜಿನಲ್ಲಿ ಮೂರೇ ಇದೆ. ನಾಲ್ಕು ಬರೆದವನಿಗೆ ಅಂಕ ಕಟ್.

ಈ ವಿದ್ಯೆ ನಿಜವಾಗಿ ದುಡಿದ ಜಾಗವೂ ಉಂಟು. ವರ್ಣಭೇದ ಕಳಚಿಕೊಳ್ಳುತ್ತಿದ್ದ ದಕ್ಷಿಣ ಆಫ್ರಿಕಾದಲ್ಲಿ 1991–92ರಲ್ಲಿ ಮಾಂಟ್ ಫ್ಲರ್ ಎಂಬಲ್ಲಿ ಒಬ್ಬರ ಮುಖ ಒಬ್ಬರು ನೋಡದವರನ್ನೆಲ್ಲ ಕೂರಿಸಿದರು. ಕರಿಯರು, ಬಿಳಿಯರು, ಕಾರ್ಮಿಕ ನಾಯಕರು, ವ್ಯಾಪಾರಿಗಳು. ಶೆಲ್ಲಿನಿಂದ ಬಂದ ಆಡಮ್ ಕಹಾನೆ ನಡೆಸಿಕೊಟ್ಟ. ನಾಲ್ಕು ಚಿತ್ರ ಹೊರಬಂದವು. ಮರಳಲ್ಲಿ ತಲೆ ಹೂತ ಉಷ್ಟ್ರಪಕ್ಷಿ, ಹಾರಲಾಗದ ಕುಂಟು ಬಾತು, ಸೂರ್ಯನ ಹತ್ತಿರ ಹೋಗಿ ರೆಕ್ಕೆ ಸುಟ್ಟುಕೊಂಡ ಇಕಾರಸ್, ನಿಧಾನವಾಗಿ ಒಟ್ಟಿಗೆ ಏಳುವ ಫ್ಲೆಮಿಂಗೊ ಹಿಂಡು. ಅಧಿಕಾರಕ್ಕೆ ಬರಲಿರುವವರಿಗೇ ಇಕಾರಸ್ ತೋರಿಸಿದರು. ಸಿಕ್ಕಿದ್ದನ್ನೆಲ್ಲ ಹಂಚಿ ಬೊಕ್ಕಸ ಬರಿದು ಮಾಡಿದರೆ ಬೀಳುತ್ತೀರಿ ಎಂದು ಮುಖದ ಮೇಲೆ ಹೇಳಿದರು.

ನಮ್ಮ ಕಾರ್ಯಾಗಾರದ ಮೇಜಿಗೆ ಯಾರು ಬರುತ್ತಾರೆ? ಮರವಂತೆಯ ಮೀನುಗಾರ ಬರುತ್ತಾನೆಯೇ? ಕಡಲು ಅಂಗಳಕ್ಕೆ ಬಂದದ್ದನ್ನು ಕಂಡವನು ಅವನು. ಬಸ್ ಕಂಡಕ್ಟರ್? ಯಾವ ಊರಿನಲ್ಲಿ ಹತ್ತುವ ಮಕ್ಕಳು ಕಡಿಮೆಯಾದರು ಎಂದು ಅವನಿಗೆ ಗೊತ್ತು. ಕರೆಯುವುದಿಲ್ಲ. ಅವರಿಗೆ ಇಂಗ್ಲಿಷ್ ಬಾರದು, ಸರ್ಟಿಫಿಕೇಟ್ ಬೇಡ. ಬೇಕಾದವರು ಬರುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತು ಹಾಜರಿಗೆ ಕಾಯುತ್ತಾರೆ.

ಇನ್ನು ಕಲಿಸುವ ಮನೆಯ ಮುನ್ನೋಟ ನೋಡಿ. 2021ರ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರ ದೇಶಕ್ಕೇ ಮೊದಲು ನಾವು ಎಂದು ಎದೆ ತಟ್ಟಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ತಂದಿತು. ನಾಲ್ಕು ವರ್ಷದ ಆನರ್ಸ್. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ. ಮುಂದಿನ ಇಪ್ಪತ್ತು ವರ್ಷಕ್ಕೆ ತಕ್ಕ ಶಿಕ್ಷಣ ಎಂದರು. ಸರ್ಕಾರ ಬದಲಾಯಿತು. 2023ರ ಅಕ್ಟೋಬರಿನಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ ಬಂತು. 2024ರ ಮೇಯಲ್ಲಿ ಆದೇಶ: ಮತ್ತೆ ಮೂರು ವರ್ಷ. ಇಪ್ಪತ್ತು ವರ್ಷದ ಮುನ್ನೋಟಕ್ಕೆ ಮೂರು ವರ್ಷ ಆಯಸ್ಸು. ಅದೇ 2024ರಲ್ಲಿ ಬಿಬಿಎ, ಬಿಸಿಎಗಳನ್ನು ದೆಹಲಿಯ ಎಐಸಿಟಿಇ ತನ್ನ ಕೈಕೆಳಗೆ ತೆಗೆದುಕೊಂಡಿತು. ಅಣ್ಣನ ನೋಟ್ಸ್ ತಮ್ಮನಿಗೆ ಬಾರದು. ಅಕ್ಕನ ಪುಸ್ತಕ ತಂಗಿಗೆ ಬಾರದು. ಯಾವ ನೀತಿ ಸರಿ, ಯಾವುದು ತಪ್ಪು ಎಂಬ ಜಗಳ ಬೇರೆ ಇಟ್ಟುಕೊಳ್ಳೋಣ. ಚುನಾವಣೆಯ ಫಲಿತಾಂಶ ಒಂದು ಅನಿಶ್ಚಿತತೆ ಎಂಬುದು, ಅನಿಶ್ಚಿತತೆಯನ್ನು ಕಲಿಸುವ ಒಬ್ಬರಿಗೂ ಹೊಳೆಯಲಿಲ್ಲವೇ?

ಹೊಳೆದಿರಬಹುದು. ಹೇಳುವುದಕ್ಕೆ ಅವರಿಗೆ ನೆಲೆ ಇಲ್ಲ. ಸರ್ಕಾರಿ ಪದವಿ ಕಾಲೇಜುಗಳನ್ನು ಹೊತ್ತು ನಿಂತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ವರ್ಷ ವರ್ಷವೂ ಅರ್ಜಿ. ವರ್ಷ ವರ್ಷವೂ ಕೌನ್ಸೆಲಿಂಗ್. ಖಾಯಂ ಮಾಡಿ ಎಂದು ಬೀದಿಗೆ ಬಂದು ಧರಣಿ ಕೂರುವವರೂ ಇವರೇ. ಹತ್ತು, ಹದಿನೈದು ವರ್ಷ ಪಾಠ ಮಾಡಿದವರನ್ನು ಇನ್ನೂ ಅತಿಥಿ ಎಂದೇ ಕರೆಯುತ್ತೇ­ವೆ. ಇಂಥವರು ಬೋರ್ಡಿನ ಮುಂದೆ ನಿಂತು ‘ದೀರ್ಘಾವಧಿಯ ದೃಷ್ಟಿ’ ಎಂದು ಬರೆಯುತ್ತಾರೆ. ಮುಂದಿನ ಸೆಮಿಸ್ಟರಿಗೆ ತಾವಿರುತ್ತೇವೆಯೇ ಎಂಬುದು ಅವರಿಗೇ ಗೊತ್ತಿಲ್ಲ. ಕ್ಲಾಸಿನಲ್ಲಿ ಅನಿಶ್ಚಿತತೆಯ ನಿಜವಾದ ತಜ್ಞರು ಅವರೊಬ್ಬರೇ. ಪಾಠ ಬೇರೆಯವರದು.

ಮುನ್ನೋಟದ ಪುಸ್ತಕಗಳಿಗೆ ನಮ್ಮಲ್ಲಿ ಬರವಿಲ್ಲ. ಪಕ್ಕದ ಕೇರಳ ವಿಶ್ವವಿದ್ಯಾಲಯದಲ್ಲಿ 1990ರಿಂದ ಭವಿಷ್ಯ ಅಧ್ಯಯನಕ್ಕೇ ಒಂದು ವಿಭಾಗ ಇದೆ. ಕಲಾಂ ಮತ್ತು ವೈ.ಎಸ್. ರಾಜನ್ 1998ರಲ್ಲಿ 2020ರ ಭಾರತದ ಕನಸು ಬರೆದರು. 2002ರಲ್ಲಿ ಯೋಜನಾ ಆಯೋಗವೂ ಇಂಡಿಯಾ ವಿಷನ್ 2020 ತಂದಿತು. ಕಾಲೇಜು ಭಾಷಣಗಳಲ್ಲಿ 2020 ಎಂಬ ಸಂಖ್ಯೆ ಮಂತ್ರವಾಯಿತು. ಆ ವರ್ಷ ಬಂತು. ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆ, ಹನ್ನೆರಡಕ್ಕೆ ದೇಶಕ್ಕೆ ಬೀಗ. ನಾಲ್ಕು ಗಂಟೆಯ ನೋಟಿಸು. ಮುಂಬೈ ಹೋಟೆಲುಗಳಲ್ಲಿ ಬೆವರು ಸುರಿಸಿದ ನಮ್ಮದೇ ಹುಡುಗರು ಊರಿಗೆ ಬಂದಾಗ ಶಾಲೆ, ಹಾಸ್ಟೆಲುಗಳಲ್ಲಿ ಕೂಡಿಹಾಕಿದೆವು. ಅವರ ರಸೀದಿಯಿಂದ ದೇವಸ್ಥಾನ ಕಟ್ಟಿಸಿಕೊಂಡವರೇ ದೂರ ಸರಿದು ನಿಂತರು.

ಸೋಂಕು ರೋಗವೊಂದು ಬಂದು ಗಡಿಗಳು ಮುಚ್ಚುವ ಚಿತ್ರವನ್ನು ಯಾರೂ ಊಹಿಸಿರಲಿಲ್ಲ ಎನ್ನಬೇಡಿ. 2010ರಲ್ಲೇ ರಾಕ್‌ಫೆಲ್ಲರ್ ಫೌಂಡೇಶನ್ ಮತ್ತು ಪೀಟರ್ ಶ್ವಾರ್ಟ್ಸ್‌ನ ಗ್ಲೋಬಲ್ ಬಿಸಿನೆಸ್ ನೆಟ್‌ವರ್ಕ್ ಸೇರಿ ಬರೆದ ನಾಲ್ಕು ಸಿನಾರಿಯೋಗಳಲ್ಲಿ ಅದೂ ಒಂದು. ಹತ್ತು ವರ್ಷ ಯಾರೂ ಓದಲಿಲ್ಲ. 2020ರಲ್ಲಿ ಓದಿದರು, ವಾಟ್ಸಾಪಿನಲ್ಲಿ. ‘ನೋಡಿ, ಎಲ್ಲ ಮೊದಲೇ ಪ್ಲಾನ್ ಮಾಡಿದ್ದು’ ಎಂದು ಫಾರ್ವರ್ಡ್ ಮಾಡಿದರು. ಅವರಲ್ಲಿ ಎಂಬಿಎ ಆದವರೂ ಇದ್ದರು. ಸಾಧ್ಯತೆಗೂ ಸಂಚಿಗೂ ವ್ಯತ್ಯಾಸ ತಿಳಿಯದವರಿಗೆ ಹತ್ತಕ್ಕೆ ಎಂಟು ಅಂಕ ಕೊಟ್ಟು ಕಳಿಸಿದವರು ನಾವೇ.

2020 ಕೈಕೊಟ್ಟಿತು. ಚಿಂತೆ ಇಲ್ಲ. ಈಗಿನ ಮಂತ್ರ 2047. ಬೋರ್ಡಿನ ಅಂಕಿ ಒರೆಸಿ ಹೊಸದು ಬರೆದರೆ ಆಯಿತು. ದೂರದ ವರ್ಷ ಇಟ್ಟುಕೊಳ್ಳುವುದರಲ್ಲಿ ಒಂದು ಅನುಕೂಲ ಇದೆ. ಲೆಕ್ಕ ಕೇಳುವ ಹೊತ್ತಿಗೆ ಬರೆದವರಿಗೆ ನಿವೃತ್ತಿ ಆಗಿರುತ್ತದೆ.

ನಮ್ಮ ಕರಾವಳಿಯವರಿಗೆ ಮುಂದೆ ನೋಡುವುದು ಗೊತ್ತಿರಲಿಲ್ಲವೇ? ಗೊತ್ತಿತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು, 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ, ಮನೆ ಬಾಗಿಲಲ್ಲೇ ಸಂಗ್ರಹ. ನೇಯ್ಗೆಯವರ ಕಷ್ಟ ಕಂಡವರ ತಲೆಯಲ್ಲಿ ಹುಟ್ಟಿದ ಯೋಜನೆ ಅದು. ಅವರ ಕೈಯಲ್ಲಿ ನಾಲ್ಕು ಮನೆಯ ಚೌಕ ಇರಲಿಲ್ಲ. ಕಾರ್ಪೊರೇಷನ್ ಬ್ಯಾಂಕು 1906ರಲ್ಲಿ ಉಡುಪಿಯಲ್ಲೇ ಹುಟ್ಟಿದ್ದು, ವಿಜಯಾ ಬ್ಯಾಂಕು 1931ರಲ್ಲಿ ಮಂಗಳೂರಿನಲ್ಲಿ. ಕರಾವಳಿಯಲ್ಲಿ ಬಿಕಾಂ ಮಾಡಿಸುವುದೆಂದರೆ ಬ್ಯಾಂಕಿಗೆ ಸೇರಿಸುವುದು ಎಂದೇ ಅರ್ಥವಾಗಿತ್ತು.

ವಿಜಯಾ ಬ್ಯಾಂಕಿನ ಬೋರ್ಡು ಇಳಿದದ್ದು 2019ರ ಏಪ್ರಿಲ್ 1ಕ್ಕೆ. ಸಿಂಡಿಕೇಟ್, ಕಾರ್ಪೊರೇಷನ್ ಎರಡೂ ಇಳಿದದ್ದು 2020ರ ಏಪ್ರಿಲ್ 1ಕ್ಕೆ. ದಿನಾಂಕ ಆರಿಸಿದವರಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು. ಸಿಂಡಿಕೇಟಿಗೆ ನೂರು ತುಂಬಲು ಐದೇ ವರ್ಷ ಬಾಕಿ ಇತ್ತು. ನಮ್ಮ ಕಾಮರ್ಸ್ ವಿಭಾಗಗಳು ಆಗೇನು ಮಾಡುತ್ತಿದ್ದವು? ಪ್ರಾಜೆಕ್ಟ್ ರಿಪೋರ್ಟ್ ಮಾಡಿಸುತ್ತಿದ್ದವು. ಗ್ರಾಹಕರ ತೃಪ್ತಿಯ ಒಂದು ಅಧ್ಯಯನ. ಐವತ್ತು ಫಾರಂ, ಅದರಲ್ಲಿ ಅರ್ಧ ಹಾಸ್ಟೆಲಿನಲ್ಲೇ ಕುಳಿತು ತುಂಬಿದ್ದು. ಪೈ ಚಾರ್ಟು. ಸ್ಪೈರಲ್ ಬೈಂಡಿಂಗು. ಗ್ರಾಹಕರು ತೃಪ್ತರಾಗಿದ್ದಾರೆ ಎಂಬ ತೀರ್ಮಾನ. ಬ್ಯಾಂಕೇ ಇರುವುದಿಲ್ಲ ಎಂಬ ಸಾಧ್ಯತೆಗೆ ಅಧ್ಯಾಯ ಇರಲಿಲ್ಲ. ಗೈಡು ಒಪ್ಪುತ್ತಿರಲಿಲ್ಲ.

ಈಗ ಗದ್ದೆಗೆ ಇಳಿಯೋಣ. ಹೆಮ್ಮಾಡಿ ಸೇವಂತಿಗೆ ಎಂದರೆ ಕುಂದಾಪುರ ಸೀಮೆಯಲ್ಲಿ ವಿವರಣೆ ಬೇಡ. ಹೊರಗಿನವರಿಗೆ ಒಂದು ಮಾತು: ಸಣ್ಣ ಹಳದಿ ಹೂ, ಪರಿಮಳ ಹೂವಿಗಿಂತ ದೊಡ್ಡದು. ತೂಗುವುದಿಲ್ಲ, ಎಣಿಸುತ್ತಾರೆ, ಸಾವಿರದ ಲೆಕ್ಕ. ಗದ್ದೆಗೆ ಗಿಡ ಇಳಿಸುವುದು ತಿಂಗಳುಗಟ್ಟಲೆ ಮೊದಲು. ಹೂ ಬೇಕಾದದ್ದು ಜನವರಿಯ ನಡುವಿಗೆ, ಮಕರ ಸಂಕ್ರಾಂತಿಯ ಮಾರಣಕಟ್ಟೆ ಹಬ್ಬಕ್ಕೆ. ಅಲ್ಲಿಂದ ಮುಂದೆ ಸುತ್ತಲಿನ ದೈವಸ್ಥಾನಗಳ ಗೆಂಡಸೇವೆ, ಜಾತ್ರೆ. ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರ ಹಬ್ಬ ಮುಂದೂಡುವುದಿಲ್ಲ. ಗಿಡ ಕ್ಯಾಲೆಂಡರ್ ನೋಡಿ ಅರಳುವುದಿಲ್ಲ.

ಸೇವಂತಿಗೆ ಹಗಲು ಕಿರಿದಾದಾಗ ಮೊಗ್ಗು ಹಿಡಿಯುವ ಜಾತಿ. ಹಗಲು ಕಿರಿದಾಗುವುದು ಖಚಿತ. ಚಳಿ ಬೀಳುವುದು ಖಚಿತವಲ್ಲ. ಡಿಸೆಂಬರಿನಲ್ಲಿ ಮೋಡ ಕವಿದು ಕುಳಿತರೆ, ಅಕಾಲ ಮಳೆ ಹೊಡೆದರೆ, ಸೆಕೆ ಹೋಗದೆ ನಿಂತರೆ ಲೆಕ್ಕ ತಪ್ಪಿತು. ಬೇಗ ಅರಳಿದರೆ ಕೊಳ್ಳುವವರಿಲ್ಲ. ತಡವಾಗಿ ಅರಳಿದರೆ ಹಬ್ಬ ಮುಗಿದಿದೆ. ಅತ್ತ ಘಟ್ಟದ ಮೇಲಿನಿಂದ ದೊಡ್ಡ ಸೇವಂತಿಗೆ ಲಾರಿಯಲ್ಲಿ ಇಳಿಯುತ್ತದೆ. ಎಷ್ಟು ಗದ್ದೆಗೆ ಹೂ ಹಾಕಬೇಕು? ಎಲ್ಲವನ್ನೂ ಒಂದೇ ದಿನ ನೆಡಬೇಕೇ, ವಾರ ಬಿಟ್ಟು ನೆಡಬೇಕೇ? ಒಂದು ತುಂಡು ಗದ್ದೆಗೆ ಉದ್ದು ಹಾಕಿ ಉಳಿದದ್ದಕ್ಕೆ ಹೂ ಹಾಕಿದರೆ? ಕೊಯ್ಯಲು ಜನ ಸಿಗುತ್ತಾರೆಯೇ?

‘ಹ್ವಾಯ್, ಚಳಿಯೇ ಇಲ್ಲೆ ಕಾಣಿ. ಹಬ್ಬಕ್ಕೆ ಹೂ ಆತ್ತೋ ಇಲ್ಯೋ’ ಎನ್ನುತ್ತಾನೆ ಬೆಳೆಗಾರ. ಚಾಲಕ ಶಕ್ತಿ, ನಿರ್ಣಾಯಕ ಅನಿಶ್ಚಿತತೆ, ಗಡುವು, ಎಲ್ಲ ಈ ಒಂದು ಮಾತಿನಲ್ಲಿದೆ. ಅಡ್ಡಗೆರೆಗೆ ಚಳಿ, ಉದ್ದಗೆರೆಗೆ ಘಟ್ಟದ ಹೂ. ನಾಲ್ಕು ಮನೆ ಅಲ್ಲೇ ಬಿದ್ದಿದೆ. ಒಂದು ಬ್ಯಾಚ್ ಮಕ್ಕಳನ್ನು ಸೆಪ್ಟೆಂಬರಿನಿಂದ ಫೆಬ್ರುವರಿವರೆಗೆ ಇದರ ಹಿಂದೆ ಬಿಟ್ಟರೆ, ಜನವರಿ ಹದಿನಾಲ್ಕಕ್ಕೆ ಪರೀಕ್ಷೆಯ ಫಲಿತಾಂಶ ತಾನೇ ಅರಳಿ ನಿಲ್ಲುತ್ತದೆ, ಅಥವಾ ಅರಳದೆ ನಿಲ್ಲುತ್ತದೆ. ಮರುಮೌಲ್ಯಮಾಪನ ಇಲ್ಲ.

ಬೆಳೆಗಾರನನ್ನು ಋಷಿ ಮಾಡಿ ಕೂರಿಸುವ ಅಗತ್ಯವೂ ಇಲ್ಲ. ಅವನೂ ಸೋಲುತ್ತಾನೆ. ಹೂ ಬೇಡ ಎಂದು ಗದ್ದೆ ಬಿಟ್ಟು ಮಗನನ್ನು ಬೆಂಗಳೂರಿಗೆ ಕಳಿಸುತ್ತಾನೆ. ಆದರೆ ಸೋತಾಗ ಸ್ವಂತ ಜೇಬಿನಿಂದ ಕೊಡುತ್ತಾನೆ. 2020ರ ಕನಸು ಬರೆಸಿದ ಇಲಾಖೆಯಲ್ಲಿ ಯಾರ ಜೇಬು ಹರಿಯಿತು, ಹೇಳಿ.

ಇಲಾಖೆ ಎಂದಾಗ ನೆನಪಾಯಿತು. ವಾರಾಹಿ ನೀರಾವರಿ ಯೋಜನೆಗೆ 1979ರಲ್ಲಿ ಮಂಜೂರಾತಿ. ಅಂದಾಜು 9.43 ಕೋಟಿ ರೂಪಾಯಿ. ನೀರು ಕಾಲುವೆಗೆ ಇಳಿಯುವ ಹೊತ್ತಿಗೆ ಕಾದವರು ಅಜ್ಜಂದಿರಾಗಿದ್ದರು, ಖರ್ಚು ನೂರಾರು ಕೋಟಿ ದಾಟಿತ್ತು. ಕುಂದಾಪುರ ಶಾಸ್ತ್ರಿ ವೃತ್ತದ ಮೇಲ್ಸೇತುವೆ ವರ್ಷಗಟ್ಟಲೆ ಅರ್ಧಕ್ಕೆ ನಿಂತು, ಬಸ್ಸಿನಲ್ಲಿ ಹೋಗುವವರಿಗೆ ತಾಳ್ಮೆ ಕಲಿಸಿತು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಓದಲು ಮಣಿಪಾಲಕ್ಕೆ ಹೋಗುವ ಮಕ್ಕಳು ಆ ಕಂಬಗಳ ಕೆಳಗೇ ದಿನವೂ ಹೋಗಿ ಬಂದರು. ಕೇಸ್ ಸ್ಟಡಿಗೆ ಬೋಸ್ಟನ್ನಿನ ಸುರಂಗ ಬೇಕಾಯಿತು.

ಯಾರನ್ನು ಕೇಳಬೇಕು? ಅದೂ ಒಂದು ಸಿನಾರಿಯೋ. ಹೆಮ್ಮಾಡಿಯ ಜಿಲ್ಲೆ ಉಡುಪಿ, ತಾಲ್ಲೂಕು ಕುಂದಾಪುರ, ಶಾಸಕರು ಬೈಂದೂರಿನವರು, ಸಂಸದರು ಘಟ್ಟದಾಚೆಯ ಶಿವಮೊಗ್ಗದವರು. ನೆರೆ ಬಂದರೆ ನಾಲ್ಕು ಕಡೆಗೆ ಫೋನು ಮಾಡಬೇಕು. ನಾಲ್ಕು ಮನೆಯ ಚೌಕ ಮಕ್ಕಳಿಗೆ ಅರ್ಥವಾಗುವುದಿಲ್ಲ ಎಂದವರು ಯಾರು? ಹುಟ್ಟಿದ್ದೇ ಅದರಲ್ಲಿ.

ನನ್ನನ್ನು ಯಾರೂ ಪ್ರಶ್ನೆಪತ್ರಿಕೆ ತೆಗೆಯಲು ಕರೆಯುವುದಿಲ್ಲ. ಕರೆದರೆ ಬಿಡುವುದಿಲ್ಲ. ಮೊದಲ ಪ್ರಶ್ನೆ: ಸಂಕ್ರಾಂತಿಗೆ ಹೂ ಅರಳದಿದ್ದರೆ ಹೆಮ್ಮಾಡಿಯ ಒಂದು ಎಕರೆ ಬೆಳೆಗಾರ ನವೆಂಬರಿನಲ್ಲೇ ಏನು ಮಾಡಬಹುದಿತ್ತು? ಹತ್ತು ಅಂಕ. ಎರಡನೆಯದು: ಸೌಪರ್ಣಿಕೆಯ ನೆರೆಯಲ್ಲಿ ಖಚಿತವಾದದ್ದು ಯಾವುದು, ಅನಿಶ್ಚಿತವಾದದ್ದು ಯಾವುದು? ಜನಪ್ರತಿನಿಧಿಯ ಭೇಟಿಯನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ, ಕಾರಣ ಕೊಡಿ. ಹತ್ತು ಅಂಕ. ಮೂರನೆಯದು: 2018ರಲ್ಲಿ ನೀವು ಕರಾವಳಿಯ ಒಂದು ಬ್ಯಾಂಕಿನ ಮ್ಯಾನೇಜರ್ ಆಗಿದ್ದರೆ ಮೇಲಧಿಕಾರಿಗೆ ಯಾವ ಪತ್ರ ಬರೆಯುತ್ತಿದ್ದಿರಿ, ಬರೆದ ಮೇಲೆ ನಿಮ್ಮನ್ನು ಎಲ್ಲಿಗೆ ವರ್ಗ ಮಾಡುತ್ತಿದ್ದರು? ಇಪ್ಪತ್ತು ಅಂಕ. ಚಾಯ್ಸ್ ಇಲ್ಲ.

ಪರೀಕ್ಷೆ ಮುಗಿದ ಅರ್ಧ ಗಂಟೆಗೆ ಮಕ್ಕಳು ಕಾಲೇಜಿನ ಮುಂದೆ ಕೂರುತ್ತಾರೆ. ಪ್ರಶ್ನೆಗಳು ಸಿಲಬಸ್ಸಿನ ಹೊರಗಿನವು ಎಂದು ಮನವಿ ಕೊಡುತ್ತಾರೆ. ವಿಭಾಗದ ಮುಖ್ಯಸ್ಥರು ಸಹಿ ಹಾಕಿ ಮೇಲೆ ಕಳಿಸುತ್ತಾರೆ. ವಿಶ್ವವಿದ್ಯಾಲಯ ಸಮಿತಿ ಮಾಡುತ್ತದೆ. ಎಲ್ಲರಿಗೂ ಗ್ರೇಸ್ ಮಾರ್ಕ್ಸ್ ಸಿಗುತ್ತದೆ.